ಹಿಟ್ಟಿನ ಪಕ್ಕದ ಚಾಪೆ

ಫ್ರಾನ್ಸ್ ದೇಶವನ್ನು ನಾನು ನೋಡಿದವನಲ್ಲ. ನೋಡುವ ಆಸೆಯೂ ಇಲ್ಲ. ಆದರೆ ಆ ದೇಶದ ಒಂದು ಕಾಯ್ದೆ ಸೂರತ್ತಿನ ನನ್ನ ಅಡುಗೆಮನೆಯವರೆಗೆ ಬಂದು, ರುಬ್ಬಿದ ಹಿಟ್ಟಿನ ಪಕ್ಕ ಹಾಸಿದ್ದ ಒಂದು ಚಾಪೆಯನ್ನು ಎಬ್ಬಿಸಿ ಹೊರಗೆ ಹಾಕಿತು. ಆ ಚಾಪೆಯ ಮೇಲೆ ಮಲಗುತ್ತಿದ್ದವರ ವಿಷಯ ಬರೆದಿಡಬೇಕು ಎಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಬರೆಯುವುದು ನನ್ನ ಕಸುಬಲ್ಲ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲು ಹತ್ತಿ ಅಹಮದಾಬಾದಿನಲ್ಲಿ ಇಳಿದವನು. ಹಾಗಂತ ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಇವತ್ತು ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ನನ್ನ ಕೈಕೆಳಗೆ ನಲವತ್ತು ಜನ ದುಡಿಯುತ್ತಾರೆ, ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಸಂಬಳ ಹೋಗುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅಹಮದಾಬಾದಿನ ಒಂದು ಹೋಟೆಲಿನಲ್ಲಿ ನನ್ನ ಕೆಲಸ ಟೇಬಲ್ ಒರೆಸುವುದು, ಲೋಟ ತೊಳೆಯುವುದು. ಒಳಗೆ ಹಿಟ್ಟು ರುಬ್ಬಿ ದೋಸೆ ಹೊಯ್ಯುತ್ತಿದ್ದವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು, ನಾನೂ ಎಂದೆ. ನಮ್ಮ ಕಡೆಯವರೇ, ಆದರೆ ರಕ್ತಸಂಬಂಧ ಏನೂ ಇಲ್ಲ. ಅವರು ನನ್ನನ್ನು ಮಾಣಿ ಎಂದರು. ನಮ್ಮ ಕಡೆ ಹುಡುಗರನ್ನೆಲ್ಲ ಕರೆಯುವುದೇ ಹಾಗೆ. ನನ್ನ ತಲೆ ಬೆಳ್ಳಗಾದ ಮೇಲೂ, ನಲವತ್ತು ಜನರ ಮುಂದೆಯೂ, ಅವರಿಗೆ ನಾನು ಮಾಣಿಯೇ ಆಗಿದ್ದೆ. ಕ್ಯಾಂಟೀನಿನ ಗುಜರಾತಿ ಹುಡುಗರು ನನ್ನನ್ನು ಸೇಠ್ ಎನ್ನುತ್ತಾರೆ. ಅವರ ಎದುರಿಗೇ ಅಣ್ಣ ಒಳಗಿನಿಂದ ಮಾಣಿ, ಬಕೆಟ್ ತಕಂಡ್ ಬಾ ಎಂದು ಕೂಗಿದರೆ ನಾನು ಬಕೆಟ್ ತೆಗೆದುಕೊಂಡು ಹೋಗುತ್ತಿದ್ದೆ.

ಗುಜರಾತಿನಲ್ಲಿ ದೋಸೆಹಿಟ್ಟು ಸಾಕುವುದು ನಮ್ಮ ಊರಿನಷ್ಟು ಸುಲಭವಲ್ಲ. ಚಳಿಗಾಲದಲ್ಲಿ ಗೋಣಿ ಹೊದಿಸಿದರೂ ಉಬ್ಬದೆ ಕಲ್ಲಿನ ಹಾಗೆ ಕೂತಿರುತ್ತದೆ. ಬೇಸಿಗೆಯಲ್ಲಿ ಬೆಳಗಾಗುವ ಮೊದಲೇ ಹುಳಿಯೇರಿ, ಪಾತ್ರೆ ಬಿಟ್ಟು ಹೊರಗೆ ಬರುತ್ತದೆ. ಅದಕ್ಕೇ ಅಣ್ಣ ಹಿಟ್ಟಿನ ದೊಡ್ಡ ಪಾತ್ರೆಗಳ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದರು. ನಿದ್ದೆಯಲ್ಲೇ ವಾಸನೆ ಹಿಡಿದು ಏಳುತ್ತಿದ್ದರು. ಉಪ್ಪು ಹಾಕಿ ಕೈಯಲ್ಲೇ ಕಲಕಿ ಮತ್ತೆ ಮಲಗುತ್ತಿದ್ದರು. ಸೌಟು ಮುಟ್ಟಿಸುತ್ತಿರಲಿಲ್ಲ. ಕೈಯ ಬಿಸಿ ಹಿಟ್ಟಿಗೆ ತಾಗಬೇಕು ಎನ್ನುವುದು ಅವರ ಲೆಕ್ಕ. ಯಾಕೆ ಇಲ್ಲೇ ಮಲಗುವುದು, ಮಾಳಿಗೆಯಲ್ಲಿ ಗಾಳಿ ಬರುತ್ತದಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. ಹಿಟ್ಟಿಗೂ ಹತ್ತಿರ ಒಬ್ಬರು ಜನ ಬೇಕು ಎಂದರು.

ಆ ಹೋಟೆಲಿನಲ್ಲಿರುವಾಗಲೇ ಅವರ ಅಮ್ಮ ಹೋದರು. ಕಾಯಿಲೆಯ ಸುದ್ದಿ ಬಂದಾಗ ಅಣ್ಣ ರಜೆ ಕೇಳಿದರು. ಹಬ್ಬದ ಗಿರಾಕಿ ಇರುವಾಗ ಹಿಟ್ಟು ಯಾರು ನೋಡಿಕೊಳ್ಳುತ್ತಾರೆ ಎಂದು ಧಣಿ ಕೇಳಿದರು. ಅಣ್ಣ ಹಿಟ್ಟಿನ ಹತ್ತಿರ ತಿರುಗಿ ಹೋದರು. ಎರಡನೆಯ ಸುದ್ದಿ ಬಂದಾಗ ಎಲ್ಲ ಮುಗಿದುಹೋಗಿತ್ತು. ಆ ದಿನವೂ ಅವರು ದೋಸೆ ಹೊಯ್ದರು. ಅದಾದ ಮೇಲೆ ಅವರು ಎಂದೂ ರಜೆ ಕೇಳಲಿಲ್ಲ. ಊರಿಗೆ ಹೋಗುವ ಮಾತು ತೆಗೆಯಲಿಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಬರುಬರುತ್ತ ರಜೆ ಬೇಡದಿರುವುದೇ ಅವರ ಹೆಮ್ಮೆಯಾಯಿತು. ಇನ್ನೊಬ್ಬರು ತಮ್ಮ ಹೊಲ ಮನೆ ಹೇಳಿಕೊಳ್ಳುವ ಹಾಗೆ ಅವರು ಅದನ್ನು ಹೇಳಿಕೊಳ್ಳುತ್ತಿದ್ದರು.

ಅಲ್ಲಿಂದ ನಾವಿಬ್ಬರೂ ವಡೋದರದ ಒಂದು ಹೋಟೆಲಿಗೆ ಬಂದೆವು. ನಾನು ಗಲ್ಲಾದ ಮೇಲೆ ಕೂರುವ ಮಟ್ಟಕ್ಕೆ ಬಂದೆ, ಮದುವೆಯಾದೆ, ಆಮೇಲೆ ಧೈರ್ಯ ಮಾಡಿ ಕಾರ್ಖಾನೆಗಳ ಕ್ಯಾಂಟೀನ್ ಗುತ್ತಿಗೆ ಹಿಡಿದೆ. ಕೊನೆಗೆ ಸೂರತ್ತಿನ ಹತ್ತಿರದ ಹಜೀರಾದಲ್ಲಿ ಒಂದು ಫ್ರೆಂಚ್ ಕಂಪನಿಯ ಕ್ಯಾಂಟೀನ್ ಸಿಕ್ಕಿತು. ಅಣ್ಣನನ್ನು ನಾನು ಕರೆಯಲೇ ಇಲ್ಲ. ಚಾಪೆ ಸುತ್ತಿಕೊಂಡು ಅವರೇ ಬಂದರು. ನಿನ್ನ ಹತ್ತಿರ ಹಿಟ್ಟು ಕಲಕುವವರು ಯಾರಿದ್ದಾರೆ ಎಂದು ಕೇಳಿದರು, ಅಷ್ಟೆ.

ಆ ಫ್ರೆಂಚರು ಅಣ್ಣನಿಗೆ ಬಹಳ ಹಿಡಿಸಿದರು. ನಮ್ಮ ಆಫೀಸಿನವರು ಕಂಪ್ಯೂಟರ್ ಮುಂದೆಯೇ ಡಬ್ಬಿ ಬಿಚ್ಚಿ ತಿನ್ನುವುದನ್ನು ನೋಡಿದ್ದ ನಮಗೆ ಅವರ ಊಟದ ರೀತಿ ಹೊಸದು. ಎಷ್ಟೇ ದೊಡ್ಡ ಸಾಹೇಬನಾದರೂ ಕ್ಯಾಂಟೀನಿಗೆ ನಡೆದು ಬಂದು, ಕೂತು, ಮಾತಾಡುತ್ತ ಉಣ್ಣುತ್ತಿದ್ದ. ಕೆಲಸದ ಜಾಗದಲ್ಲಿ ಊಟ ಮಾಡಲು ಬಿಡಬಾರದು ಎಂದು ಅವರ ದೇಶದ ಕಾರ್ಮಿಕ ಕಾಯ್ದೆಯಲ್ಲೇ ಇದೆಯಂತೆ. ಕಂಪನಿಯ ಆಫೀಸರ್ ಒಬ್ಬ ಇದನ್ನು ಹೇಳಿದಾಗ ನಾನು ಅಣ್ಣನಿಗೆ ತಿಳಿಸಿದೆ. ಅವರು ಕಾವಲಿಗೆ ನೀರು ಚಿಮುಕಿಸಿದರು.

"ಉಂಬುಕೂ ಕಾನೂನ್ ಮಾಡಿದ್ರಾ? ಹಂಗಾರೆ ಒಳ್ಳೆ ಜನವೇ ಸೈ" ಎಂದರು.

ಅದೇ ದೇಶದ ಇನ್ನೊಂದು ಕಾಯ್ದೆಯ ವಿಷಯ ನಮಗೆ ಗೊತ್ತಾದದ್ದು ಆಮೇಲೆ. ದೊಡ್ಡ ಕಂಪನಿಯೊಂದು ತನ್ನ ಸ್ವಂತ ಕೆಲಸಗಾರರನ್ನು ಚೆನ್ನಾಗಿ ನೋಡಿಕೊಂಡರೆ ಸಾಲದು, ಲೋಕದ ಯಾವ ಮೂಲೆಯಲ್ಲಿ ಯಾರು ತನಗೋಸ್ಕರ ದುಡಿಯುತ್ತಾರೋ, ಗುತ್ತಿಗೆದಾರನ ಕೈಕೆಳಗಿನ ಆಳಿನವರೆಗೆ, ಅವರ ಮೇಲೆ ಅನ್ಯಾಯ ಆಗದ ಹಾಗೆ ಕಣ್ಣಿಡಬೇಕು ಎನ್ನುತ್ತದೆ ಆ ಕಾಯ್ದೆ. ಕಣ್ಣಿಡದಿದ್ದರೆ ಅಲ್ಲಿಯ ಕೋರ್ಟಿನಲ್ಲಿ ಕಂಪನಿಯೇ ಜವಾಬು ಕೊಡಬೇಕು. ಹಾಗಾಗಿ ಪ್ಯಾರಿಸ್ಸಿನಿಂದ ತಪಾಸಣೆಗೆ ಜನ ಬರುತ್ತಾರೆ, ನಿನ್ನ ಕ್ಯಾಂಟೀನನ್ನೂ ನೋಡುತ್ತಾರೆ ಎಂದು ಆಫೀಸರ್ ಹೇಳಿದ.

ನನಗೆ ಹೆದರಿಕೆಯೇನೂ ಆಗಲಿಲ್ಲ. ನನ್ನ ವ್ಯವಹಾರ ಚೊಕ್ಕ. ಹುಡುಗರನ್ನೆಲ್ಲ ಆಗಲೇ ಹಜೀರಾ ಹಳ್ಳಿಯ ಬಾಡಿಗೆ ಕೋಣೆಗಳಿಗೆ ಕಳಿಸಿದ್ದೆ. ಪ್ರಾವಿಡೆಂಟ್ ಫಂಡು ಕಟ್ಟುತ್ತಿದ್ದೆ. ಯಾರಿಗೆ ಯಾವ ವಾರ ರಜೆ ಎನ್ನುವ ಪಟ್ಟಿ ಗೋಡೆಯ ಮೇಲಿತ್ತು. ಅದರಲ್ಲಿ ಅಣ್ಣನಿಗೂ ಮಂಗಳವಾರ ಇತ್ತು. ಆದರೆ ಮಂಗಳವಾರವೂ ಅವರು ಕಾವಲಿಯ ಮುಂದೆಯೇ ಇರುತ್ತಿದ್ದರು. ಅಡುಗೆಮನೆಯಲ್ಲೇ ಮಲಗಿ ಏಳುವವರನ್ನು ರಜೆ ಎಂದು ಎಲ್ಲಿಗೆ ಕಳಿಸುವುದು? ಅವರ ಸಂಬಳ ಪ್ರತಿ ತಿಂಗಳು ಬ್ಯಾಂಕಿಗೆ ಹೋಗುತ್ತಿತ್ತು. ಅವರು ಅದನ್ನು ಒಮ್ಮೆಯೂ ಕಣ್ಣೆತ್ತಿ ನೋಡಿದವರಲ್ಲ.

ಬಂದದ್ದು ಒಬ್ಬ ಹೆಂಗಸು. ನನ್ನ ಹೆಂಡತಿಯ ವಯಸ್ಸಿನವಳು, ಹತ್ತಿ ಬಟ್ಟೆ, ಸಾದಾ ಚಪ್ಪಲಿ. ಕೆಲಸಗಾರರ ಹತ್ತಿರ ಅವರವರ ಭಾಷೆಯಲ್ಲೇ ಕೇಳಬೇಕು ಎನ್ನುವುದು ಅವರ ನಿಯಮ. ಅಣ್ಣನಿಗೆ ಹಿಂದಿ ಈರುಳ್ಳಿ ಕೊಳ್ಳುವಷ್ಟು ಮಾತ್ರ ಬರುತ್ತದೆ ಎಂದು ನಾನೇ ಬರೆದು ಕೊಟ್ಟಿದ್ದೆ. ಹಾಗಾಗಿ ಅಹಮದಾಬಾದಿನ ಬೋಡಕ್‌ದೇವ್‌ನಿಂದ ಒಬ್ಬಳು ಕನ್ನಡದ ಹುಡುಗಿಯನ್ನು ಕರೆತಂದಿದ್ದರು. ಅವಳ ತಂದೆ ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದವರಂತೆ. ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅಜ್ಜಿಯ ಹತ್ತಿರ ಕಲಿತ ಕನ್ನಡ, ನಿಧಾನಕ್ಕೆ, ಪದ ಹುಡುಕಿ ಹುಡುಕಿ ಮಾತಾಡುತ್ತಿದ್ದಳು. ಅಣ್ಣನಿಗೆ ಅವಳನ್ನು ಕಂಡು ಹಿಗ್ಗೋ ಹಿಗ್ಗು. ಪ್ರಶ್ನೆ ಕೇಳುವ ಮೊದಲೇ ಇಡ್ಲಿ ತಿನ್ನಿಸಿದರು.

ಆ ಹೊತ್ತಿಗೆ ನಾನು ಅಲ್ಲಿರಬಾರದು ಎಂದರು. ಧಣಿಯ ಎದುರು ಕೆಲಸಗಾರ ಬಾಯಿಬಿಡುವುದಿಲ್ಲವಲ್ಲ, ಅದಕ್ಕೆ. ಸರಿ ಎಂದು ಉಗ್ರಾಣದಲ್ಲಿ ಕೂತೆ. ಗಾಜಿನ ಕಿಟಕಿಯಿಂದ ಅಣ್ಣ ಕಾಣುತ್ತಿದ್ದರು. ಒಗೆದ ಅಂಗಿ ಹಾಕಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಕೈ ಆಡಿಸುತ್ತ ಮಾತಾಡುತ್ತಿದ್ದರು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಡುವೆ ಒಮ್ಮೆ ನಕ್ಕರು. ಆ ಹೆಂಗಸು ನಗಲಿಲ್ಲ. ಅವರ ಮುಂಗೈಯ ಸುಟ್ಟ ಕಲೆಗಳನ್ನು ನೋಡಿ ಏನೋ ಕೇಳಿದಳು. ಅಣ್ಣ ತೋಳು ಮಡಚಿ ಇನ್ನೂ ಮೇಲಿನ ಕಲೆಗಳನ್ನೂ ತೋರಿಸಿದರು, ಪದಕ ತೋರಿಸುವ ಹಾಗೆ.

ಆಮೇಲೆ ನನ್ನ ಸರದಿ. ಈ ಮುದುಕರು ನಿಮ್ಮ ಸಂಬಂಧಿಕರೋ ಎಂದು ಕೇಳಿದಳು. ಅಲ್ಲ, ಇವರು ನನ್ನ ಹೆಡ್ ಕುಕ್ ಎಂದು ನಾನು ಎದೆಯುಬ್ಬಿಸಿ ಹೇಳಿದೆ, ಬ್ಯಾಂಕಿನ ಕಾಗದ ಮುಂದಿಟ್ಟೆ. ಎಲ್ಲರ ಹಾಗೆ ಇವರಿಗೂ ಪಕ್ಕಾ ನೌಕರಿ, ಪಕ್ಕಾ ಸಂಬಳ ಎಂದೆ. ಸಂಬಂಧಿಕ ಎಂದರೆ ಪುಕ್ಕಟೆ ದುಡಿಸುತ್ತೇನೆ ಎಂದು ತಿಳಿದಾರು ಎನ್ನುವುದು ನನ್ನ ಎಣಿಕೆ. ಆಕೆ ಬರೆದುಕೊಂಡಳು. ಬರೆದು, ಹಿಂದಿನ ಪುಟ ತಿರುಗಿಸಿ ನೋಡಿ, ಮತ್ತೆ ನನ್ನ ಮುಖ ನೋಡಿದಳು.

ಅವರು ಹೊರಡುವಾಗ ಆ ಹುಡುಗಿ ಕಾರಿನ ಹತ್ತಿರ ಹೋದವಳು ತಿರುಗಿ ಬಂದಳು. "ಅಂಕಲ್, ನಾನು ಅವರು ಹೇಳಿದ್ದನ್ನೇ ಹೇಳಿದೆ. ಒಂದೂ ಬೇರೆ ಸೇರಿಸಿಲ್ಲ" ಎಂದಳು. ಅವಳ ಮುಖ ಅಳುವ ಹಾಗಿತ್ತು. ಏನಾಯಿತಮ್ಮ ಎಂದು ಕೇಳಿದ್ದಕ್ಕೆ, ಅಣ್ಣ ಆಡಿದ್ದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿದಳು. ಅಜ್ಜಿ ಕಲಿಸಿದ ಪಾಠ ಒಪ್ಪಿಸುವ ಹಾಗೆ.

ಕಡೆಯ ಸಲ ರಜೆ ತೆಗೆದುಕೊಂಡದ್ದು ಯಾವಾಗ ಎಂದು ಕೇಳಿದ್ದರು. ರಜೆ ತಕಂಡ್ ಹೋಪುದ್ ಎಲ್ಲಿಗೆ ಎಂದು ಅಣ್ಣ ನಕ್ಕಿದ್ದರು. ಸಂಬಳ ಎಷ್ಟು ಎಂದು ಕೇಳಿದ್ದಕ್ಕೆ, ಅವ ನನ್ನ ತಮ್ಮ, ತಮ್ಮನ ಹತ್ರ ಯಾರಾರೂ ಸಂಬ್ಳ ಕೇಂತ್ರಾ ಎಂದಿದ್ದರು. ಎಲ್ಲಿ ಮಲಗುತ್ತೀರಿ, ಇಲ್ಲೇ. ನಿಮಗೆ ಬೇಕಾದಾಗ ಈ ಕೆಲಸ ಬಿಟ್ಟು ಹೋಗಬಹುದೇ ಎಂದು ಕೊನೆಗೆ ಕೇಳಿದ್ದರು. ಅಣ್ಣ ಎರಡೂ ಕೈ ಅಲ್ಲಾಡಿಸಿ, ಆತಿಲ್ಲೆ, ಅವನ ಅನ್ನದ ಋಣ ಇತ್ತ್, ಸಾಯೂವರಿಗೂ ಬಿಟ್ ಹೋಪುಕಾತಿಲ್ಲೆ ಎಂದಿದ್ದರು.

ನಮ್ಮ ಊರಿನವರು ಯಾರಾದರೂ ಈ ಮಾತು ಕೇಳಿದ್ದರೆ, ಎಂಥ ಧಣಿ, ಎಂಥ ಆಳು ಎಂದು ನಮ್ಮಿಬ್ಬರನ್ನೂ ಹೊಗಳುತ್ತಿದ್ದರು. ಅಣ್ಣ ಆಡಿದ್ದೂ ಅದಕ್ಕೇ. ನನ್ನ ಹೆಸರು ಮೇಲೆ ಬರಲಿ ಎಂದು. ಆದರೆ ಆ ಹೆಂಗಸಿನ ಕಾಯ್ದೆಯ ಕಣ್ಣಿನಿಂದ ನೋಡಿ. ಒಬ್ಬ ಮುದುಕ, ಅಡುಗೆಮನೆಯ ನೆಲದ ಮೇಲೆ ಮಲಗುತ್ತಾನೆ, ರಜೆಯೇ ಕಂಡಿಲ್ಲ, ತನ್ನ ಸಂಬಳ ಎಷ್ಟು ಎಂದು ಗೊತ್ತಿಲ್ಲ, ಧಣಿಯನ್ನು ತಮ್ಮ ಎನ್ನುತ್ತಾನೆ, ಧಣಿ ಅವನನ್ನು ಸಂಬಂಧಿಕನಲ್ಲ ಎನ್ನುತ್ತಾನೆ, ಬಿಟ್ಟು ಹೋಗುವ ಹಾಗಿಲ್ಲ, ಋಣ ಇದೆ. ಇದಕ್ಕೆ ಅವರ ಭಾಷೆಯಲ್ಲಿ ಒಂದೇ ಅರ್ಥ. ಜೀತ.

ಮರುದಿನ ಆ ಹೆಂಗಸು ನನ್ನನ್ನು ಆಫೀಸಿಗೆ ಕರೆಸಿದಳು. ಬ್ಯಾಂಕಿನ ಕಾಗದ ನೋಡಿ ಜೀತದ ಮಾತು ಕೈಬಿಟ್ಟಿದ್ದಳು. ನಾನು ಕೆಟ್ಟವನಲ್ಲ ಎಂದೂ ಹೇಳಿದಳು. ಅವಳೂ ಕೆಟ್ಟವಳಲ್ಲ, ಅದನ್ನು ನಾನು ಇಲ್ಲಿ ಬರೆಯಲೇಬೇಕು. ಬಾಂಗ್ಲಾದಲ್ಲಿ ಬಟ್ಟೆ ಹೊಲಿಯುವವರ ದೊಡ್ಡ ಕಟ್ಟಡ ಕುಸಿದು ಬಿದ್ದ ಮೇಲೆ ಈ ಕಾಯ್ದೆ ಬಂತು ಎಂದು ಹುಡುಗಿಯ ಬಾಯಿಂದ ತಿಳಿಸಿದಳು. ಗೋಡೆ ಬಿರುಕು ಬಿಟ್ಟದ್ದನ್ನು ಕಣ್ಣಾರೆ ನೋಡಿಯೂ ಆ ಹೆಣ್ಣುಮಕ್ಕಳು ಒಳಗೆ ಹೋಗಿದ್ದರು. ಹೋಗುವುದಿಲ್ಲ ಎನ್ನುವ ಸ್ಥಿತಿ ಅವರದಾಗಿರಲಿಲ್ಲ. ಅದಕ್ಕೇ, ನನಗೆ ಇಲ್ಲಿ ಸುಖ ಎಂದು ಕೆಲಸಗಾರ ಹೇಳಿದ ಮಾತ್ರಕ್ಕೆ ನಾವು ಒಪ್ಪುವುದಿಲ್ಲ ಎಂದಳು.

ಅಹಮದಾಬಾದಿನ ಧಣಿ ನೆನಪಿಗೆ ಬಂದ. ಅಣ್ಣನ ಅಮ್ಮ ನೆನಪಾದರು. ಈ ಹೆಂಗಸು ಆ ದಿನ ಆ ಹೋಟೆಲಿಗೆ ಬಂದಿದ್ದರೆ ಅಣ್ಣ ಅಮ್ಮನ ಬಾಯಿಗೆ ನೀರು ಬಿಡುತ್ತಿದ್ದರು. ಕಾಯ್ದೆ ತಪ್ಪು ಎನ್ನಲು ನನ್ನ ನಾಲಗೆ ಏಳಲಿಲ್ಲ. ಬರಬೇಕಾದ ಕಡೆ ಬಾರದೆ, ತಡವಾಗಿ ನನ್ನ ಮನೆಗೆ ಬಂದಿದೆ ಎನ್ನಬಹುದಿತ್ತೇನೋ. ಅಷ್ಟು ಮಾತಾಡುವ ವಿದ್ಯೆ ನನಗಿಲ್ಲ.

ತೀರ್ಮಾನ ಇಷ್ಟು. ಅಡುಗೆಮನೆಯಲ್ಲಿ ಯಾರೂ ಮಲಗಬಾರದು. ವಾರದ ರಜೆಯ ದಿನ ಆ ಕೆಲಸಗಾರನ ಗೇಟಿನ ಕಾರ್ಡು ಕೆಲಸ ಮಾಡದ ಹಾಗೆ ಮಾಡುತ್ತಾರೆ. ಎರಡರಲ್ಲಿ ಯಾವುದು ತಪ್ಪಿದರೂ ನನ್ನ ಗುತ್ತಿಗೆ ರದ್ದು. ನನ್ನ ಹಿಂದೆ ನಲವತ್ತು ಮನೆಗಳಿದ್ದವು.

ಅಣ್ಣನಿಗೆ ಹೇಳುವುದು ನನ್ನ ಪಾಲಿಗೆ ಬಂತು. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತು. ಹಿಂದಿನ ಮೆಟ್ಟಿಲ ಮೇಲೆ ಅವರು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು ಹೇಳಿದೆ. ಪೂರಾ ಕೇಳಿದರು. ಎಲೆ ಅಗಿಯುವುದು ನಿಂತಿತು.

"ನಾನ್ ಎಂತ ತಪ್ಪ್ ಹೇಳ್ದೆ ಮಾಣಿ?"

"ತಪ್ಪ್ ಎಂತದೂ ಇಲ್ಲೆ ಅಣ್ಣ."

"ನಿನ್ನ ಹೆಸ್ರ್ ಲಾಯ್ಕ್ ಆಯ್ಲಿ ಅಂದೇಳಿಯೇ ಹೇಳದ್ದ್."

"ಗೊತ್ತಿತ್ತ್."

ಅವರು ಎದ್ದು ಒಳಗೆ ಹೋದರು. ಚಾಪೆ ಸುತ್ತಿದರು. ಹಗ್ಗ ಕಟ್ಟಿದರು. ಹಿಟ್ಟಿನ ಪಾತ್ರೆಗಳಿದ್ದ ಆ ಮೂಲೆಯನ್ನು ತಾವೇ ಗುಡಿಸಿದರು. ಅವರ ಸಾಮಾನೆಲ್ಲ ಒಂದು ಕೈಚೀಲದಲ್ಲಿ ಹಿಡಿಯಿತು. ಅದನ್ನು ನೋಡಿದಾಗ ನನಗೇ ಒಂದು ಕ್ಷಣ ಆ ಹೆಂಗಸು ಕಂಡದ್ದು ಕಂಡ ಹಾಗಾಯಿತು.

ಸೂರತ್ತಿನ ಅಡಾಜಣ್‌ನಲ್ಲಿರುವ ನನ್ನ ಫ್ಲ್ಯಾಟಿಗೆ ಕರೆದುಕೊಂಡು ಹೋದೆ. ಮಕ್ಕಳು ಮದುವೆಯಾಗಿ ಬೇರೆ ಊರಿನಲ್ಲಿದ್ದರು, ಕೋಣೆ ಖಾಲಿಯಿತ್ತು. ನನ್ನ ಹೆಂಡತಿ ಅವರನ್ನು ಭಾವ ಎಂದೇ ಕರೆಯುವವಳು, ಮಂಚಕ್ಕೆ ಹೊಸ ಹಾಸಿಗೆ ಹಾಕಿದಳು. ಅವರು ಮಂಚದ ಪಕ್ಕ ನೆಲಕ್ಕೆ ಚಾಪೆ ಹಾಸಿದರು. ಐದನೆಯ ಮಹಡಿ. ಲಿಫ್ಟಿನ ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂದು ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ಬೆಳಗ್ಗೆ ನನ್ನ ಜೊತೆ ಟೆಂಪೋದಲ್ಲಿ ಕ್ಯಾಂಟೀನಿಗೆ, ಸಂಜೆ ವಾಪಸು. ಹಿಟ್ಟಿಗೆ ಕಂಪನಿಯವರೇ ಒಂದು ಯಂತ್ರ ತಂದಿಟ್ಟಿದ್ದರು. ಇಷ್ಟು ಹೊತ್ತು ಬೆಚ್ಚಗೆ, ಇಷ್ಟು ಹೊತ್ತು ತಣ್ಣಗೆ ಎಂದು ಗುಂಡಿ ಒತ್ತಿ ಹೋದರೆ ಬೆಳಗ್ಗೆ ಹಿಟ್ಟು ತಯಾರು. ದೋಸೆ ಚೆನ್ನಾಗಿಯೇ ಬರುತ್ತಿತ್ತು. ತಿನ್ನುವವರು ಯಾರೂ ಏನೂ ಅನ್ನಲಿಲ್ಲ. ಅಣ್ಣ ಬೆಳಗ್ಗೆ ಹೋಗಿ ಯಂತ್ರದ ಬಾಗಿಲು ತೆಗೆದು ಹಿಟ್ಟಿಗೆ ಕೈ ಹಾಕುತ್ತಿದ್ದರು, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ಕೈ ತೊಳೆದುಬಿಡುತ್ತಿದ್ದರು.

ಕಷ್ಟದ್ದು ಮಂಗಳವಾರ. ಮೊದಲ ಮಂಗಳವಾರ ನಾನು ಹೊರಡುವಾಗ ಅವರು ಅಂಗಿ ಹಾಕಿ ಬಾಗಿಲ ಹತ್ತಿರ ನಿಂತಿದ್ದರು. ಇವತ್ತು ನಿಮಗೆ ರಜೆ ಅಣ್ಣ ಎಂದೆ. ರಜೆಯಲ್ಲಿ ಎಂತ ಮಾಡುದ್ ಎಂದು ಕೇಳಿದರು. ಕುಶಾಲಿಗೆ ಕೇಳಿದ್ದಲ್ಲ, ನಿಜವಾಗಿ ಗೊತ್ತಿರಲಿಲ್ಲ. ತಾಪಿ ಹೊಳೆಯ ಕಡೆ ಹೋಗಿ ಬನ್ನಿ, ದೇವಸ್ಥಾನಕ್ಕೆ ಹೋಗಿ, ಟಿವಿ ನೋಡಿ ಎಂದೆ. ನಾನೂ ರಜೆ ಹಾಕಿದವನಲ್ಲ. ಅದಕ್ಕಿಂತ ಹೆಚ್ಚು ನನಗೂ ಹೊಳೆಯಲಿಲ್ಲ.

ಸಂಜೆ ಹೆಂಡತಿ ಹೇಳಿದಳು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಒಣಗಿಸಿದ್ದರಂತೆ. ಬೇಡ ಭಾವ ಎಂದದ್ದಕ್ಕೆ, ನಾನ್ ಸುಮ್ನೇ ಕೂಕಣ್ಕಾ ಎಂದು ಕೇಳಿದರಂತೆ. ಎರಡನೆಯ ಮಂಗಳವಾರವೂ ಅದೇ ಡಬ್ಬಿಗಳನ್ನು ತೊಳೆದರು. ಮೂರನೆಯ ಮಂಗಳವಾರ ಹೊಳೆಯ ಕಡೆ ಹೋಗಿ ಬರುತ್ತೇನೆ ಎಂದು ಹೇಳಿ ಹೊರಟವರು ಮಧ್ಯಾಹ್ನಕ್ಕೆ ಮನೆಗೆ ಬರಲಿಲ್ಲ. ಹೆಂಡತಿಯ ಫೋನು ಬಂದಾಗ ನಾನು ಬಡಿಸುವ ಗಡಿಬಿಡಿಯಲ್ಲಿದ್ದೆ. ಹುಡುಕಲು ಹೊರಟವನು ದೂರ ಹೋಗಬೇಕಾಗಲಿಲ್ಲ. ಕಾರ್ಖಾನೆಯ ಗೇಟಿನ ಹೊರಗೆ, ಲಾರಿ ಡ್ರೈವರುಗಳಿಗೆ ಚಹಾ ಮಾರುವವನ ಬೆಂಚಿನ ಮೇಲೆ ಕೂತಿದ್ದರು. ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು. ಗೇಟಿನ ಯಂತ್ರ ಕಾರ್ಡು ತೆಗೆದುಕೊಂಡಿರಲಿಲ್ಲ. ಕಾಕಾ, ಇವತ್ತು ನಿಮಗೆ ರಜೆ, ಆರಾಮ್ ಮಾಡಿ ಎಂದು ಕಾವಲುಗಾರ ನಗುತ್ತ ಹೇಳಿ ಕಳಿಸಿದ್ದ. ಅಣ್ಣ ಅಲ್ಲೇ ಕೂತು ಆರಾಮ್ ಮಾಡುತ್ತಿದ್ದರು. ಗೋಡೆಯ ಆಚೆಯಿಂದ ನಮ್ಮ ಒಗ್ಗರಣೆಯ ವಾಸನೆ ಬರುತ್ತಿತ್ತು.

"ಸಾಸಿವೆ ಕರಟಿತ್ ಕಾಣ್. ಯಾರ್ ಒಲಿ ಮುಂದೆ ಇಪ್ಪುದ್?" ಎಂದು ನನ್ನನ್ನೇ ಗದರಿದರು.

ಟೆಂಪೋದಲ್ಲಿ ಮನೆಗೆ ಬಿಡುವಾಗ ಅವರಿಗೆ ಒಂದು ಉಪಾಯ ಹೊಳೆದಿತ್ತು. ಕಾನೂನು ಇರುವುದು ಕೆಲಸದವನಿಗೆ ತಾನೇ, ನನ್ನನ್ನು ಕೆಲಸದಿಂದ ತೆಗೆದುಬಿಡು, ಆಮೇಲೆ ನಾನು ಎಲ್ಲಿ ಮಲಗಿದರೂ ಫ್ರಾನ್ಸಿನವರಿಗೆ ಏನಾಗಬೇಕು ಎಂದರು. ಬಹಳ ಯೋಚನೆ ಮಾಡಿ ಕಂಡುಹಿಡಿದ ಹಾಗೆ ಹೇಳಿದರು. ಕೆಲಸದಲ್ಲಿ ಇಲ್ಲದವರಿಗೆ ಗೇಟಿನ ಒಳಗೆ ಕಾಲಿಡಲೂ ಬಿಡುವುದಿಲ್ಲ ಎಂದು ನಾನು ಹೇಳಬೇಕಾಯಿತು.

"ಕೆಲಸದವ ಆರೆ ಮನಿಕಂಬುಕಾಗ. ಕೆಲಸದವ ಅಲ್ದಿದ್ರೆ ಒಳಗ್ ಬಪ್ಪುಕಾಗ" ಎಂದರು. ಆಮೇಲೆ ನಕ್ಕರು. "ಆಯ್ತ್ ಬಿಡ್. ನಾನಿನ್ ಬತ್ತಿಲ್ಲೆ."

ಮರುದಿನ ಟೆಂಪೋ ಹೊರಡುವಾಗ ಅವರು ಚಾಪೆಯ ಮೇಲೇ ಇದ್ದರು. ನಾನು ಕರೆದೆ, ಬರಲಿಲ್ಲ. ಆಮೇಲೆ ಕರೆಯುವುದನ್ನೂ ಬಿಟ್ಟೆ. ಕೆಲಸ ನಿಂತ ಮೈ ಬೇಗ ಇಳಿದುಹೋಯಿತು. ಡಾಕ್ಟರಿಗೆ ತೋರಿಸಿದೆ. ವಯಸ್ಸು ಎಂದರು, ಎದೆ ಸ್ವಲ್ಪ ದುರ್ಬಲ ಎಂದರು, ವಿಶ್ರಾಂತಿ ಕೊಡಿ ಎಂದರು. ಎಲ್ಲರೂ ಅವರಿಗೆ ಅದೊಂದನ್ನೇ ಕೊಡುತ್ತಿದ್ದರು. ಸಂಜೆ ನಾನು ಬಂದ ಕೂಡಲೇ, ಇವತ್ತು ದೋಸೆ ಹೇಗಿತ್ತು ಎಂದು ಕೇಳುತ್ತಿದ್ದರು. ಚೆನ್ನಾಗಿತ್ತು ಎಂದರೆ ಗೋಡೆಯ ಕಡೆ ತಿರುಗುತ್ತಿದ್ದರು. ಹೆಂಡತಿ ನನ್ನನ್ನು ಒಳಗೆ ಕರೆದು ಬೈದಳು. ಚೆನ್ನಾಗಿರಲಿಲ್ಲ ಎಂದು ಹೇಳಿದರೆ ನಿಮ್ಮ ಗಂಟು ಏನು ಹೋಗುತ್ತದೆ ಎಂದಳು. ಆಮೇಲೆ ದಿನವೂ ದೋಸೆ ಸ್ವಲ್ಪ ಕೆಡತೊಡಗಿತು. ಒಂದು ದಿನ ಹುಳಿ ಜಾಸ್ತಿ, ಒಂದು ದಿನ ಉಬ್ಬಿಲ್ಲ. ಅವರು ಎದ್ದು ಕೂತು, ಯಾಕೆ ಹಾಗಾಯಿತು ಎಂದು ವಿವರಿಸುತ್ತಿದ್ದರು.

ಇನ್ನೂ ಒಂದು ಉಪಾಯ ಮಾಡಿದ್ದು ಅವಳೇ. ಇಬ್ಬರು ಮೂವರಿಗೆ ರುಬ್ಬುವ ಮನೆಯಲ್ಲಿ ಒಂದು ದಿನ ದೊಡ್ಡ ಪಾತ್ರೆ ತುಂಬ ಹಿಟ್ಟು ರುಬ್ಬಿದಳು. ತಂದು ಅವರ ಚಾಪೆಯ ಪಕ್ಕ ಇಟ್ಟಳು.

"ಭಾವ, ಈ ಸೂರತ್ತಿನ ಹವೆಗೆ ನಂಗೆ ಹಿಟ್ಟಿನ ಹದವೇ ಸಿಕ್ಕುದಿಲ್ಲೆ. ನಿಮ್ಮ ಹತ್ರವೇ ಇಡ್ತೆ. ಹದ ಬಂದ್ ಕೂಡ್ಲೆ ಒಂದ್ ಕೂಗ್ ಹಾಕಿ."

ಇಷ್ಟು ವರ್ಷ ಅವಳ ಕೈಯ ದೋಸೆ ತಿಂದವರಿಗೆ ಅದು ಸುಳ್ಳು ಎಂದು ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಚಾಪೆಯನ್ನು ಸ್ವಲ್ಪ ಸರಿಸಿ ಪಾತ್ರೆಗೆ ಜಾಗ ಮಾಡಿದರು. ಮರುದಿನ ಬೆಳಗ್ಗೆ ಕೋಣೆಯಿಂದ ಕೂಗು ಬಂತು. "ಬಂತ್ ಕಾಣ್." ಹಳೆಯ ಸ್ವರ. ಅಹಮದಾಬಾದಿನ ಹೋಟೆಲಿನಲ್ಲಿ ನನ್ನನ್ನು ಎಬ್ಬಿಸುತ್ತಿದ್ದದ್ದೂ ಆ ಮಾತೇ. ನಾನು ಹಾಸಿಗೆಯಲ್ಲಿ ಎದ್ದು ಕೂತು ಹೆಂಡತಿಯ ಮುಖ ನೋಡಿದೆ. ಅವಳು ಆ ಕಡೆ ತಿರುಗಿಕೊಂಡಳು.

ಅದು ಚಳಿಗಾಲದ ಕೊನೆ. ಆಮೇಲೆ ದಿನವೂ ಆ ಕೂಗಿಗೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. ಹೆಚ್ಚಾದ ಹಿಟ್ಟನ್ನು ಹೆಂಡತಿ ಮೆಟ್ಟಿಲ ಆಚೆಯ ಮನೆಗಳಿಗೆಲ್ಲ ಹಂಚಿದಳು. ಗುಜರಾತಿ ಹೆಂಗಸರು ಪಾತ್ರೆ ಹಿಡಿದು ಬಾಗಿಲಿಗೆ ಬಂದು, ಕಾಕಾ ಎದ್ದರೇ ಎಂದು ಕೇಳುವಷ್ಟು ಅಭ್ಯಾಸವಾಯಿತು. ಅಣ್ಣ ಕೋಣೆಯಿಂದಲೇ, ನೀರು ಹಾಕಬೇಡಿ, ಉಪ್ಪು ಕಡೆಗೆ ಎಂದು ತಮ್ಮ ಈರುಳ್ಳಿ ಹಿಂದಿಯಲ್ಲಿ ಹೇಳುತ್ತಿದ್ದರು.

ಮೇ ತಿಂಗಳ ಒಂದು ದಿನ ನನಗೆ ಬಿಸಿಲಿಗೆ ಎಚ್ಚರವಾಯಿತು. ಕೂಗು ಕೇಳಿದ ನೆನಪಿರಲಿಲ್ಲ. ಕೋಣೆಗೆ ಹೋದೆ. ಹಿಟ್ಟು ಮುಚ್ಚಳವನ್ನು ಮೇಲೆತ್ತಿ ಪಾತ್ರೆಯ ಹೊರಗೆ ಬಂದಿತ್ತು. ನೆಲದ ಮೇಲೆ ಹರಿದು ಚಾಪೆಯ ಅಂಚು ಮುಟ್ಟಿತ್ತು. ಅಣ್ಣ ಪಾತ್ರೆಯ ಕಡೆಗೆ ಮುಖ ಮಾಡಿ, ಮಗ್ಗುಲಾಗಿ ಮಲಗಿದ್ದರು.

ಹೆಂಡತಿಯನ್ನು ಕೂಗಿದೆ. ಅವಳು ಬಂದು ಅವರ ಹಣೆ ಮುಟ್ಟಿ ನೋಡಿ ಅಲ್ಲೇ ಕೂತಳು. ಪಕ್ಕದ ಮನೆಯವರು ಬಂದರು, ಡಾಕ್ಟರ್ ಬಂದು ನೋಡಿ ಹೋದರು. ಆಮೇಲೆ ನಾನು ಹಜೀರಾದ ಆಫೀಸರನಿಗೆ ಫೋನ್ ಮಾಡಿದೆ. ಇವತ್ತು ಬರುವುದಿಲ್ಲ, ಹುಡುಗರು ನಡೆಸುತ್ತಾರೆ, ಊಟಕ್ಕೆ ತೊಂದರೆಯಾಗುವುದಿಲ್ಲ ಎಂದೆ. ನಾನು ಬರುವುದಿಲ್ಲ ಎಂದದ್ದು ಅದೇ ಮೊದಲು. ಅವನಿಗೆ ಆಶ್ಚರ್ಯವಾಗಿರಬೇಕು, ಕಾರಣ ಕೇಳಿದ. ಸಾವು ಎಂದೆ. ಅವನು ಮೆತ್ತಗೆ ಮಾತಾಡಿದ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಹೋದರೆ ಮೂರು ದಿನ ಯಾರೂ ಕೆಲಸಕ್ಕೆ ಬರಬೇಕಾಗಿಲ್ಲ, ಅದು ಅವರ ದೇಶದ ಕಾಯ್ದೆಯಲ್ಲೇ ಇದೆ, ಕಂಪನಿಯವರು ಈಗ ಗುತ್ತಿಗೆಯವರಿಗೂ ಅದನ್ನೇ ಅನ್ವಯಿಸಿದ್ದಾರೆ ಎಂದ. ಹೋದವರು ನಿಮಗೆ ಏನಾಗಬೇಕು ಎಂದು ಕೇಳಿದ.

ಅಣ್ಣ ಎಂದೆ.

ಸ್ವಂತ ಅಣ್ಣನೇ ಎಂದು ಕೇಳಿದ. ಬರೆದುಕೊಳ್ಳಬೇಕಿತ್ತು, ಅದಕ್ಕೆ ಕೇಳಿದ್ದು. ಹೌದು, ಸ್ವಂತ ಎಂದೆ.

ಫೋನ್ ಇಟ್ಟು ಕೋಣೆಗೆ ಬಂದೆ. ಹೆಂಡತಿ ಬಟ್ಟೆ ತಂದು ನೆಲ ಒರೆಸಲು ಬಗ್ಗಿದ್ದಳು. ಬೇಡ, ನಾನು ಮಾಡುತ್ತೇನೆ ಎಂದೆ. ನೆಲದ ಮೇಲಿನ ಹಿಟ್ಟನ್ನು ಕೈಯ ಅಂಚಿನಿಂದಲೇ ಬಳಿದು ಒಟ್ಟು ಮಾಡಿದೆ. ಪಾತ್ರೆಯಲ್ಲಿ ಉಳಿದದ್ದಕ್ಕೆ ಕೈ ಹಾಕಿ, ಅವರು ಕಲಿಸಿದ ಹಾಗೆ ಒಂದು ಸುತ್ತು ತಿರುಗಿಸಿದೆ. ಹಿಟ್ಟು ಇಳಿಯಿತು. ಬೆರಳು ಮೂಗಿನ ಹತ್ತಿರ ತಂದೆ. ಆ ಸೆಕೆಗೂ ಹುಳಿ ಏರಿರಲಿಲ್ಲ, ಬೆಳಗಿನ ಜಾವ ಅವರು ಎದ್ದು ಕಲಕಿದ್ದರೆಂದೇ ಹದದಲ್ಲಿತ್ತು. ಹಾಗಾದರೆ ಅವರು ಹೋಗಿ ಬಹಳ ಹೊತ್ತಾಗಿರಲಿಲ್ಲ.